ಓಗೊಡುವ ವಿಳಾಸಗಳ ಗಣತಿ

ಅಂತರ್ಜಾಲದ ವಿಳಾಸಗಳು ಎಷ್ಟೆಂಬುದು ಗಣಿತದಿಂದಲೇ ತಿಳಿಯುತ್ತದೆ: 1981ರಲ್ಲಿ ನಿಷ್ಕರ್ಷೆಯಾದ ನಿಯಮದಂತೆ ಪ್ರತಿಯೊಂದೂ 32 ಬಿಟ್‌ಗಳದಾದುದರಿಂದ ಅವುಗಳ ಮೊತ್ತ 429 ಕೋಟಿಗೂ ಮಿಗಿಲು. ಆದರೆ ಇವುಗಳಲ್ಲಿ ಯಾವುದೋ ಒಂದನ್ನು ಯದೃಚ್ಛೆಯಿಂದ ಆರಿಸಿ ಕರೆದರೆ ಅತ್ತಣಿಂದ ಯಾರಾದರೂ ಓಗೊಡುವರೇ ಎಂಬುದು ಬೇರೆಯೇ ಪ್ರಶ್ನೆ.

ಅಮೆರಿಕದ ಅರ್ಪಾನೆಟ್ ಜಾಲವು ಹಳೆಯ ಸಂವಹನಪದ್ಧತಿಯನ್ನು ತೊರೆದು ಟಿಸಿಪಿ ಎಂಬ ಹೊಸ ಪದ್ಧತಿಯನ್ನು ಅಂಗೀಕರಿಸಬೇಕಾಗಿದ್ದ 1983ರ ಹೊಸವರ್ಷದ ದಿನವು ಸಮೀಪಿಸುತ್ತಿರಲು, ಯಾರು ಸಿದ್ಧರಾಗಿರುವರೆಂದು ಅರಿಯುವುದಕ್ಕಾಗಿ ಡೇವಿಡ್ ಸ್ಮಾಲ್‌ಬರ್ಗ್ ಎಂಬವರು ಪಟ್ಟಿಯಲ್ಲಿದ್ದ ಯಂತ್ರಗಳನ್ನೆಲ್ಲ ಕರೆದು ನೋಡಿದರು. ಮುನ್ನೂರು ಚಿಲ್ಲರೆ ಯಂತ್ರಗಳ ಕಾಲವದು. ಊರಿನ ಪ್ರತಿ ಮನೆಯನ್ನೂ ಬಲ್ಲ ಶಾನುಭೋಗರ ಲೆಕ್ಕದಷ್ಟೇ ಸುಲಭ. ಹತ್ತು ವರ್ಷ ಕಳೆಯುವುದರೊಳಗೆ ಆ ಸೌಲಭ್ಯವು ಇಲ್ಲವಾಯಿತು. 1993ರ ಜುಲೈನಲ್ಲಿ ಮಾರ್ಕ್ ಲಾಟರ್ ಅವರ ಸಮೀಕ್ಷೆಯು ಹೆಸರುಪಟ್ಟಿಗಳಿಂದ 17,76,000 ಯಂತ್ರಗಳನ್ನು ಎಣಿಸಿತಾದರೂ, ಕೆಲವನ್ನು ಮಾತ್ರ ಆರಿಸಿ ಕರೆದು ಕಟ್ಟಿದ ಅಂದಾಜಿನಂತೆ ಉತ್ತರಿಸತಕ್ಕವು 4,64,000 ಮಾತ್ರ.

ಹೀಗೆ ಅಲ್ಪಾಂಶದಿಂದ ಸಮಸ್ತವನ್ನು ಊಹಿಸುವ ಕ್ರಮದ ಬಲವನ್ನು ನಾವು ಸಾಮಾನ್ಯವಾಗಿ ನಂಬುವುದಿಲ್ಲ. ನೂರಕ್ಕೆ 3.6ರಷ್ಟು ವಿಳಾಸಗಳು ಉತ್ತರಿಸುವಲ್ಲಿ ಯದೃಚ್ಛೆಯಾಗಿ 10,000 ವಿಳಾಸಗಳನ್ನು ಕರೆದರೆ ಸುಮಾರು 360 ಉತ್ತರಗಳು ಬರುವುವು. ನೂರರಲ್ಲಿ ತೊಂಬತ್ತೈದು ಸಲ ಆ ಎಣಿಕೆಯ ಏರುಪೇರು ನಲವತ್ತನ್ನು ಮೀರದು. ಒಟ್ಟು ವಿಳಾಸಗಳು ಲಕ್ಷವಿರಲಿ ಕೋಟಿಯಿರಲಿ, ಈ ನಿಖರತೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. 3.6 ಎಂಬುದು ನಾನು ಕಲ್ಪಿಸಿದ ಸಂಖ್ಯೆಯಲ್ಲ: ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಜಾನ್ ಹೈಡೆಮನ್ ಮತ್ತು ಅವರ ಸಹೋದ್ಯೋಗಿಗಳು ವಿಳಾಸಕ್ಷೇತ್ರವನ್ನೇ ಆದ್ಯಂತ ಸಂಚರಿಸಿ, ಹಂಚಿಕೆಯಾದ ವಿಳಾಸಗಳಲ್ಲಿ ಹೊರಗಿನ ಕರೆಗೆ ಕಾಣಿಸಿಕೊಂಡ ಯಂತ್ರಗಳುಳ್ಳವು ಇಷ್ಟೇ ಎಂದು 2008ರಲ್ಲಿ ಪ್ರಕಟಿಸಿದರು.

ಉಳಿದುವೆಲ್ಲ ಶೂನ್ಯವೆಂದು ಭಾವಿಸುವುದು ಅವಿವೇಕ. ಫೈರ್‌ವಾಲ್‌ಗಳು ಕರೆಯನ್ನು ಬಾಗಿಲಲ್ಲಿಯೇ ತಡೆಯುವುವು. ಮನೆಯ ರೌಟರ್ ತಾನೊಂದೇ ವಿಳಾಸವನ್ನು ಧರಿಸಿ ಹಿಂದಿರುವ ಹಲವು ಯಂತ್ರಗಳನ್ನು ಮರೆಮಾಡುವುದು. 127ರಿಂದ ಮೊದಲಾಗುವ 1,67,77,216 ವಿಳಾಸಗಳಂತೂ ಯಂತ್ರವು ತನ್ನೊಡನೆ ತಾನೇ ಮಾತನಾಡುವುದಕ್ಕೆಂದು ಮೀಸಲಾದುವು. ಮೌನದ ಈ ಬಗೆಗಳನ್ನು ಬೇರ್ಪಡಿಸದ ಲೆಕ್ಕವು, ನನ್ನ ಅಭಿಪ್ರಾಯದಲ್ಲಿ, ಅರ್ಧ ಲೆಕ್ಕ.

ವೇಗವಂತೂ ಈಗ ತೊಡಕಲ್ಲ. ಮಿಶಿಗನ್ ವಿಶ್ವವಿದ್ಯಾನಿಲಯದವರು 2013ರಲ್ಲಿ ರಚಿಸಿದ ಜೀಮ್ಯಾಪ್ ಎಂಬ ತಂತ್ರಾಂಶವು ಸಾರ್ವಜನಿಕ ವಿಳಾಸಗಳನ್ನೆಲ್ಲ ಮುಕ್ಕಾಲು ಗಂಟೆಯೊಳಗೆ ಕರೆದು ಮುಗಿಸಬಲ್ಲದು. 128 ಬಿಟ್‌ಗಳ ಹೊಸ ವಿಳಾಸಪದ್ಧತಿಯಲ್ಲಿ ಮಾತ್ರ ಆ ವೇಗವೂ ನಿಷ್ಪ್ರಯೋಜಕ. ಅಲ್ಲಿ ಯದೃಚ್ಛೆಯಿಂದ ಕರೆದರೆ ಉತ್ತರ ದೊರೆಯುವ ಸಂಭವವು ಇಲ್ಲವೆನ್ನುವಷ್ಟು ಅಲ್ಪವಾದುದರಿಂದ, ಸಂಶೋಧಕರು ಎಲ್ಲೆಲ್ಲಿಂದಲೋ ತಿಳಿದ ವಿಳಾಸಗಳನ್ನು ಮೊದಲು ಸಂಗ್ರಹಿಸಿಕೊಂಡು, ಅವುಗಳನ್ನೇ ಕರೆಯುತ್ತಾರೆ.