ಕ್ಯಾಸನೂರು ವಿಷಾಣುವಿನ ರಚನೆ ಮತ್ತು ಮಲೆನಾಡಿನ ಇತಿಹಾಸ

ವ್ಯಾಧಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮೃತರ ಸಂಖ್ಯೆಯಿಂದ ಆರಂಭಿಸುತ್ತಾರೆ. ಮಂಗನ ಕಾಯಿಲೆಯ ವಿಷಯದಲ್ಲಾದರೋ ಅದರ ವಿಷಾಣುವಿನ ರಚನೆಯಿಂದಲೇ ಆರಂಭಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಆ ರಚನೆಯನ್ನರಿಯದೆ ಈ ವ್ಯಾಧಿಯ ದಾಖಲೆಗಳನ್ನು ಸರಿಯಾಗಿ ಓದಲಾಗದು.

ವಿಷಾಣುವು ಜೀವಕೋಶವಲ್ಲ. ರೋಗ ತಗುಲಿದ ಹೊಗೆಸೊಪ್ಪಿನ ರಸವು, ಬ್ಯಾಕ್ಟೀರಿಯಗಳು ನುಸುಳಲಾರದ ಶೋಧಕದಲ್ಲಿ ಸೋಸಿದ ಮೇಲೂ, ರೋಗವನ್ನುಂಟುಮಾಡುವುದೆಂದು 1892ರಲ್ಲಿ ಇವಾನೋವ್‌ಸ್ಕಿ ಕಂಡನು. ಅಲ್ಲಿಂದ ಈ ಶಾಸ್ತ್ರ ಮೊದಲಾಯಿತು. ಅನುವಂಶೀಯ ದ್ರವ್ಯ, ಅದನ್ನು ಸುತ್ತಿದ ಪ್ರೋಟೀನಿನ ಕವಚ, ಕೆಲವಕ್ಕೆ ಮೇಲೊಂದು ಕೊಬ್ಬಿನ ಪೊರೆ, ಇಷ್ಟೇ ವಿಷಾಣುವಿನ ಒಡಲು. ಅದಕ್ಕೆ ಉಸಿರಾಟವಿಲ್ಲ, ಆಹಾರವಿಲ್ಲ. ಅನ್ಯಜೀವಿಯ ಕೋಶವನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕ್ಯಾಸನೂರು ವಿಷಾಣುವಿನ ವ್ಯಾಸ ಮಿಲ್ಲಿಮೀಟರಿನ ಸುಮಾರು ಇಪ್ಪತ್ತು ಸಾವಿರದಲ್ಲೊಂದಂಶ. ಒಳಗೆ ಸುಮಾರು 11,000 ಘಟಕಗಳ ಒಂದೇ ಎಳೆಯ ಆರ್.ಎನ್.ಎ.; ಒಡಲನ್ನು ಕಟ್ಟುವ ಪ್ರೋಟೀನುಗಳು ಮೂರೇ ಬಗೆ.

1957ರಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತುಬೀಳತೊಡಗಿದಾಗ, ಏಷ್ಯದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂದಿತೆಂಬ ಶಂಕೆ ಹುಟ್ಟಿತು. ಪುಣೆಯ ವಿಷಾಣು ಸಂಶೋಧನಾ ಕೇಂದ್ರದವರು ಅದು ಬೇರೊಂದೆಂದೂ ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರದ ವಿಷಾಣುವಿಗೆ ಸಮೀಪದ್ದೆಂದೂ ತೋರಿಸಿದರು. ಶಂಕೆ ಸುಳ್ಳಾಯಿತು, ಆದರೆ ತೀರ ಅಸಂಗತವಾಗಿರಲಿಲ್ಲ. ರಚನೆಯ ದೃಷ್ಟಿಯಿಂದ ಹಳದಿ ಜ್ವರದ ವಿಷಾಣುವೂ ಇದೇ ಕುಲಕ್ಕೆ ಸೇರಿದುದು. ಇಲ್ಲಿ ಒಂದು ಎಚ್ಚರ ಅಗತ್ಯ: 1957 ಎಂಬುದು ವಿಷಾಣುವನ್ನು ಗುರುತಿಸಿದ ವರ್ಷವೇ ಹೊರತು ಅದು ಹುಟ್ಟಿದ ವರ್ಷವಲ್ಲ.

ತಾನಾಗಿ ಚಲಿಸಲಾರದ ಈ ಕಣಕ್ಕೆ ಉಣುಗೇ ವಾಹನ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಅಲ್ಲಿಯ ನೆಲವನ್ನೇ ಅಪಾಯದ ತಾಣವಾಗಿಸುತ್ತವೆ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಸೌದೆಗೂ ತರಗೆಲೆಗೂ ಕಾಡು ಹೊಗುವವರನ್ನು ಅವು ಕಚ್ಚುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ದಾಟುವುದಿಲ್ಲ. ಆದುದರಿಂದ ಪ್ರತಿಯೊಬ್ಬ ರೋಗಿಯೂ, ಕಾಡಿನೊಡನೆ ಯಾರಿಗೆ ಎಂತಹ ಸಂಪರ್ಕವಿತ್ತೆಂಬುದಕ್ಕೆ ಒಂದು ಸಾಕ್ಷ್ಯ. ಸಂತೆ ಜಾತ್ರೆಗಳಲ್ಲಿ ಹಬ್ಬುತ್ತಿದ್ದ ಸಿಡುಬಿನ ದಾಖಲೆಗಳಿಂದ ಇಂತಹ ಮಾಹಿತಿ ದೊರೆಯದು. (ಪಾಪ, ತಾನೇ ಮೊದಲು ಸಾಯುವ ಮಂಗಕ್ಕೆ ರೋಗದ ಹೆಸರೂ ಅಂಟಿಕೊಂಡಿತು!)

1982-83ರಲ್ಲಿ ಘಟ್ಟದ ಕೆಳಗಿನ ಬೆಳ್ತಂಗಡಿ ತಾಲೂಕಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಸುಮಾರು 150 ಮಂದಿ ಮೃತರಾದರು. ಗೇರುತೋಟಕ್ಕಾಗಿ ಅಲ್ಲಿಯ ಕಾಡನ್ನು ಕಡಿದುದು ಇದಕ್ಕೆ ಮೊದಲಿನ ಘಟನೆ. ವಿಷಾಣುವಿನ ರಚನೆಯಲ್ಲಿ ಹೊಸತೇನೂ ಸಂಭವಿಸಬೇಕಾಗಿರಲಿಲ್ಲ. ಕಾಡಿಗೂ ಜನರಿಗೂ ಇದ್ದ ಅಂತರ ಅಳಿದುದೇ ಸಾಕಾಯಿತು. ಹಿರಿಯಡ್ಕದಿಂದ ಪೆರ್ಡೂರು, ಹೆಬ್ರಿಗಳ ಮೂಲಕ ಆಗುಂಬೆ ಘಟ್ಟವನ್ನೇರಿ ಶಿವಮೊಗ್ಗ ಜಿಲ್ಲೆಯನ್ನು ಸೇರುವ ಹಾದಿಯ ಎರಡು ಬದಿಗಳಲ್ಲೂ ಕಾಡಂಚಿನ ಊರುಗಳಿವೆ. ಈ ಊರುಗಳ ಆಸ್ಪತ್ರೆಯ ದಾಖಲೆಗಳನ್ನು ಅರಣ್ಯ ಇಲಾಖೆಯ ಕಡಿತದ ಲೆಕ್ಕಗಳೊಡನೆಯೂ ಭೂಮಂಜೂರಾತಿಯ ಕಡತಗಳೊಡನೆಯೂ ವರ್ಷವರ್ಷಕ್ಕೆ ಹೊಂದಿಸಿ ಓದುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾಗಿದೆ.