ಬಿಲ್ಲಿನ ದಿನವೋ, ಕೊಯ್ಲಿನ ದಿನವೋ: ಗುಂಡ್ಲುಪೇಟೆ ಸೀಮೆಯ ಗೊಬ್ಬರದಂಗಡಿ ಬಾಕಿಯ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಗೊಬ್ಬರ, ಬೀಜ, ಕೀಟನಾಶಕದ ಅಂಗಡಿಗಳಲ್ಲಿ ಸಾಲದ ವ್ಯಾಪಾರ ಸಾಮಾನ್ಯ. ರೈತರು ಬಿತ್ತನೆಯ ಹೊತ್ತಿಗೆ ಮಾಲು ಒಯ್ಯುತ್ತಾರೆ, ಬೆಳೆ ಮಾರಿದ ಮೇಲೆ ಹಣ ಕೊಡುತ್ತಾರೆ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸುವಾಗ ಈ ಬಾಕಿಯಲ್ಲಿ ಎಷ್ಟು ವಸೂಲಾದೀತು, ಎಷ್ಟು ಮುಳುಗೀತು ಎಂದು ಅಂದಾಜು ಮಾಡಿ, ಮುಳುಗಬಹುದಾದಷ್ಟಕ್ಕೆ ಸಂಶಯಾಸ್ಪದ ಸಾಲಗಳ ಮೀಸಲು ಇಡಬೇಕು. ಬಿಲ್ಲಿನ ದಿನದಿಂದ ಬಾಕಿಯ ವಯಸ್ಸು ಎಣಿಸಿ, ಹಳೆಯದಾದಷ್ಟೂ ಹೆಚ್ಚು ಶೇಕಡಾ ಹಾಕುವುದು ರೂಢಿ. ಈ ಸೀಮೆಯಲ್ಲಿ ವಯಸ್ಸನ್ನು ಬಿಲ್ಲಿನ ದಿನದಿಂದಲ್ಲ, ಕೊಯ್ಲಿನ ದಿನದಿಂದ ಎಣಿಸಬೇಕು ಎಂಬುದು ಈ ಟಿಪ್ಪಣಿಯ ವಾದ.

ಕಾರಣ ಬೆಳೆಯ ಕಾಲಮಾನದಲ್ಲಿದೆ. ಇಲ್ಲಿನ ಮುಖ್ಯ ವಾಣಿಜ್ಯ ಬೆಳೆಗಳಲ್ಲೊಂದಾದ ಅರಿಸಿನ ನೆಲದಲ್ಲಿ ಎಂಟು, ಒಂಬತ್ತು ತಿಂಗಳು ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಚಾಮರಾಜನಗರದ ಎಪಿಎಂಸಿಗೋ ಗಡಿಯಾಚೆಯ ಈರೋಡಿಗೋ ಒಯ್ಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಡ ಗೊಬ್ಬರದ ಬಿಲ್ಲು ಮಾರ್ಚ್ 31ಕ್ಕೆ ಆರು ತಿಂಗಳು ದಾಟಿರುತ್ತದೆ, ಆದರೆ ಮಾಲು ಇನ್ನೂ ಕಣದಲ್ಲಿರಬಹುದು. ತೆರಕಣಾಂಬಿ ಮಾರುಕಟ್ಟೆಯಿಂದ ಕೇರಳಕ್ಕೆ ಹೋಗುವ ತರಕಾರಿಯ ಕಥೆ ಬೇರೆ. ಅದು ಎರಡು, ಮೂರು ತಿಂಗಳ ಬೆಳೆ. ಬಿಲ್ಲಿಗೆ ಎಂಬತ್ತು ದಿನವಾಗಿದ್ದರೂ ಬೆಳೆ ಮಾರಿ ಮುಗಿದಿದ್ದು, ಹಣ ಅಂಗಡಿಗೆ ಬಾರದಿದ್ದರೆ ಅದು ಆಗಲೇ ಅನುಮಾನದ ಬಾಕಿ. ಮುಂಗಾರಿನ ಮಳೆಗೆ ಬಿತ್ತಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೊಯ್ಯುವ ಸೂರ್ಯಕಾಂತಿಯ ಬಾಕಿ ಮಾರ್ಚ್‌ವರೆಗೆ ನಿಂತಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಒಂದು ಕಾಲ್ಪನಿಕ ಅಂಗಡಿಯ ಉದಾಹರಣೆ ನೋಡೋಣ. ಮಾರ್ಚ್ 31ಕ್ಕೆ ಒಟ್ಟು ಬಾಕಿ 20 ಲಕ್ಷ ರೂಪಾಯಿ: ಅರಿಸಿನದವರದು 9 ಲಕ್ಷ, ತರಕಾರಿಯವರದು 6 ಲಕ್ಷ, ಮಳೆಯಾಶ್ರಿತ ಸೂರ್ಯಕಾಂತಿಯವರದು 5 ಲಕ್ಷ. ತರಕಾರಿಯ ಬಿಲ್ಲುಗಳೆಲ್ಲ 90 ದಿನದೊಳಗಿನವು, ಉಳಿದವು 180 ದಿನ ದಾಟಿದವು. 90 ದಿನದೊಳಗಿನದಕ್ಕೆ ಶೇ. 2, 180 ದಿನ ದಾಟಿದ್ದಕ್ಕೆ ಶೇ. 30 ಎಂದು ಹಿಡಿದರೆ ಅರಿಸಿನಕ್ಕೆ 2,70,000, ತರಕಾರಿಗೆ 12,000, ಸೂರ್ಯಕಾಂತಿಗೆ 1,50,000, ಒಟ್ಟು 4,32,000 ರೂಪಾಯಿ ಮೀಸಲು ಬೇಕು.

ಈಗ ಕೊಯ್ಲಿನಿಂದ ಎಣಿಸೋಣ. ಅರಿಸಿನದ ಗಡುವು ಇನ್ನೂ ಮೀರಿಲ್ಲ, ಶೇ. 4ರಂತೆ 36,000. ತರಕಾರಿಯಲ್ಲಿ 4 ಲಕ್ಷ ಬೆಳೆ ಕೈಗೆ ಬರದವರದು, ಶೇ. 2ರಂತೆ 8,000, 2 ಲಕ್ಷ ಬೆಳೆ ಮಾರಿಯೂ ಕೊಡದವರದು, ಶೇ. 15ರಂತೆ 30,000. ಸೂರ್ಯಕಾಂತಿಯ ಕೊಯ್ಲು ಮುಗಿದು ಆರು ತಿಂಗಳಾಗಿದೆ, ಶೇ. 40ರಂತೆ 2,00,000. ಒಟ್ಟು 2,74,000. ಅಢಾವೆ ಪತ್ರಿಕೆಯಲ್ಲಿ ಬಾಕಿಯ ನಿವ್ವಳ ಮೊತ್ತ 17,26,000 ಎಂದಾಗುತ್ತದೆ. ಒಟ್ಟು ಮೀಸಲು ತಗ್ಗಿದ್ದಕ್ಕಿಂತ ಅದು ಹಂಚಿಕೆಯಾದ ಬಗೆ ಮುಖ್ಯ. ಅರಿಸಿನದ ಮೇಲಿನ ಅನುಮಾನ ಕಡಿಮೆಯಾಗಿದೆ, ಉಳಿದೆರಡರ ಮೇಲೆ ಹೆಚ್ಚಿದೆ.

ಈ ಕ್ರಮಕ್ಕೆ ನಿಯಮಗಳ ಬೆಂಬಲವೂ ಇದೆ. ರಿಸರ್ವ್ ಬ್ಯಾಂಕು 2004ರ ಸೆಪ್ಟೆಂಬರ್ 30ರಿಂದ ಬೆಳೆ ಸಾಲವನ್ನು ಅನುತ್ಪಾದಕ ಎಂದು ಗುರುತಿಸಲು ಬೆಳೆಯ ಹಂಗಾಮನ್ನೇ ಅಳತೆಗೋಲು ಮಾಡಿತು: ಅಲ್ಪಾವಧಿ ಬೆಳೆಗೆ ಗಡುವು ಮೀರಿ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು. ಹಂಗಾಮು ಎಂದರೆ ಕೊಯ್ಲಿನವರೆಗಿನ ಅವಧಿ. ಅದನ್ನು ನಿಗದಿ ಮಾಡುವುದು ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 109 ಕೂಡ ದಿನಗಳನ್ನು ಗಡುವು ಮೀರಿದಂದಿನಿಂದ ಎಣಿಸುತ್ತದೆ. 90 ದಿನ ಮೀರಿದರೆ ಸಾಲ ತಪ್ಪಿದೆ ಎಂಬ ಅದರ ಊಹೆಯನ್ನು ತಕ್ಕ ಆಧಾರವಿದ್ದರೆ ಬಿಡಬಹುದು. ಸಣ್ಣ ಅಂಗಡಿಗೆ ಈ ಮಾನದಂಡ ಕಡ್ಡಾಯವಲ್ಲ, ಅದರ ತರ್ಕ ಮಾತ್ರ ಉಪಯುಕ್ತ.

ಹಳೆಯ ವರ್ಷಗಳ ಸರಾಸರಿಯನ್ನು ನಂಬಿ ಕೂರುವುದು ಇಲ್ಲಿ ಅಪಾಯ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಒಬ್ಬ ಗ್ರಾಹಕ ತಪ್ಪಿದರೆ ಇನ್ನೊಬ್ಬ ತಪ್ಪಬೇಕಿಲ್ಲ. ಗೊಬ್ಬರದಂಗಡಿಯ ಬಾಕಿದಾರರಿಗೆಲ್ಲ ಮಳೆಯೂ ಒಂದೇ, ಮಾರುಕಟ್ಟೆಯೂ ಒಂದೇ. 2010ರಲ್ಲಿ ಏರಿದ್ದ ಅರಿಸಿನದ ಬೆಲೆ 2012ರ ಹೊತ್ತಿಗೆ ಕುಸಿದಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷ ಅರಿಸಿನದ ಬೆಲೆ ಏರಿತು. ಬೋರ್‌ವೆಲ್‌ನಲ್ಲಿ ನೀರಿದ್ದವರ ಸಾಮರ್ಥ್ಯ ಹೆಚ್ಚಿದ ವರ್ಷವೇ ಮಳೆ ನಂಬಿದವರ ಕೈ ಬರಿದಾಗಬಹುದು. ಆದ್ದರಿಂದ ಬಾಕಿಯನ್ನು ಬೆಳೆ ಮತ್ತು ನೀರಿನ ಆಸರೆ ಎರಡರಿಂದಲೂ ವಿಂಗಡಿಸಿ, ಸರಾಸರಿ ತೆಗೆಯುವಾಗ ಒಂದು ಕೆಟ್ಟ ವರ್ಷವನ್ನಾದರೂ ಸೇರಿಸಿಕೊಳ್ಳಬೇಕು.

ಕಾನೂನಿನ ಎರಡು ಅಂಶಗಳನ್ನು ಬೆರೆಸಬಾರದು. ಮೀಸಲು ಇಟ್ಟ ಮಾತ್ರಕ್ಕೆ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಆದಾಯ ತೆರಿಗೆ ಕಾಯಿದೆಯಡಿ ಸಾಲವನ್ನು ಲೆಕ್ಕದಿಂದ ವಜಾ ಮಾಡಿರಬೇಕು. ವಜಾ ಮಾಡಿದ್ದರೆ ಸಾಕು, ಅದು ನಿಜಕ್ಕೂ ಮುಳುಗಿದೆ ಎಂದು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2010ರ ಟಿಆರ್‌ಎಫ್ ಪ್ರಕರಣದಲ್ಲಿ ಹೇಳಿತು. ಇನ್ನೊಂದು, 1963ರ ಕಾಲಮಿತಿ ಕಾಯಿದೆ. ಗಡುವು ನಿಗದಿಯಾಗದ ಮಾರಾಟದಲ್ಲಿ ದಾವೆಯ ಮೂರು ವರ್ಷ ಮಾಲು ಕೊಟ್ಟ ದಿನದಿಂದ ಓಡುತ್ತದೆ. ಗಡುವು ನಿಗದಿಯಾಗಿದ್ದರೆ ಅದು ಮುಗಿದ ದಿನದಿಂದ. ಕಾಲ ಮೀರುವ ಮುನ್ನ ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸ ಮೂರು ವರ್ಷ.

ಹಾಗಾಗಿ ಬಿಲ್ಲಿನ ಮೇಲೆ ಬೆಳೆ, ನೀರಿನ ಆಸರೆ, ಹಣ ಕೊಡಬೇಕಾದ ತಾರೀಖು ಈ ಮೂರನ್ನೂ ಬರೆಯುವುದು ಮೊದಲ ಕೆಲಸ. ಅಷ್ಟು ಮಾಡಿದರೆ ಅಂದಾಜಿಗೆ ಆಧಾರ ಸಿಗುತ್ತದೆ, ದಾವೆಯ ಕಾಲವೂ ಸ್ಪಷ್ಟವಾಗುತ್ತದೆ. ಇದು ಅಂಗಡಿಯವರ ಲಾಭಕ್ಕಷ್ಟೇ ಸೀಮಿತವಾದ ವಿಷಯವಲ್ಲ. ತಪ್ಪು ಎಣಿಕೆಯಿಂದ ಕೆಟ್ಟ ಬಾಕಿದಾರರ ಪಟ್ಟಿಗೆ ಸೇರಿದ ಅರಿಸಿನದ ರೈತರಿಗೆ ಮುಂದಿನ ಹಂಗಾಮಿನಲ್ಲಿ ಗೊಬ್ಬರ ಸಿಗದೆ ಹೋಗಬಹುದು. ಮಾತಿಗೆ ತಪ್ಪದವರನ್ನು ತಪ್ಪಿದವರೆಂದು ಬರೆಯುವ ಲೆಕ್ಕ, ಕೂಡಿದಾಗ ಸರಿಬಂದರೂ ಸರಿಯಾದ ಲೆಕ್ಕವಲ್ಲ.