ಕುಟುಂಬ ಆರೈಕೆದಾರರ ಒತ್ತಡ ಮತ್ತು ಮನೋಸ್ಥೈರ್ಯ

ದೀರ್ಘಕಾಲದ ಕಾಯಿಲೆಯಿಂದ ಬಳಲುವ ವ್ಯಕ್ತಿಯನ್ನು ಸಂಬಳವಿಲ್ಲದೆ ಮನೆಯಲ್ಲಿಯೇ ನೋಡಿಕೊಳ್ಳುವ ಪತಿ, ಪತ್ನಿ, ತಾಯಿ, ಮಗಳು, ಸೊಸೆ ಮೊದಲಾದವರನ್ನು ಕುಟುಂಬ ಆರೈಕೆದಾರರು ಎನ್ನುತ್ತಾರೆ. ಪಾರ್ಶ್ವವಾಯು, ಮರೆಗುಳಿತನ, ಪಾರ್ಕಿನ್‌ಸನ್ ಕಾಯಿಲೆ, ಮೂತ್ರಪಿಂಡ ವೈಫಲ್ಯ, ಸ್ಕಿಜೋಫ್ರೇನಿಯಾ ಮುಂತಾದವುಗಳಲ್ಲಿ ಈ ಆರೈಕೆ ವರ್ಷಗಟ್ಟಲೆ ನಡೆಯುತ್ತದೆ. ಅದರಿಂದ ಆರೈಕೆದಾರರ ದೇಹ, ಮನಸ್ಸು ಮತ್ತು ಹಣಕಾಸಿನ ಮೇಲೆ ಬೀಳುವ ಭಾರವನ್ನು ಆರೈಕೆಯ ಹೊರೆ ಎಂದೂ, ಅದರ ನಡುವೆಯೂ ಚೇತರಿಸಿಕೊಂಡು ನಿಲ್ಲುವ ಶಕ್ತಿಯನ್ನು ಮನೋಸ್ಥೈರ್ಯ ಎಂದೂ ಕರೆಯಲಾಗುತ್ತದೆ.

ಒತ್ತಡದ ಸ್ವರೂಪ

ಹೊರೆಯಲ್ಲಿ ಎರಡು ಬಗೆ. ನಿದ್ದೆಗೇಡು, ಖರ್ಚು, ಕೈಬಿಟ್ಟ ಉದ್ಯೋಗ, ರೋಗಿಯನ್ನು ಎತ್ತಿ ಕೂರಿಸುವುದರಿಂದ ಬರುವ ಬೆನ್ನುನೋವು ಇವು ಹೊರಗೆ ಕಾಣುವಂಥವು. ಬೇಸರ, ಸಿಟ್ಟು, ಸಿಟ್ಟು ಬಂದುದಕ್ಕಾಗಿ ಪಶ್ಚಾತ್ತಾಪ, ನಾಚಿಕೆ ಇವು ಒಳಗಿನವು. ಹೊರಗಿನ ಕೆಲಸ ಸಮಾನವಾಗಿದ್ದರೂ ಒಳಗಿನ ಹೊರೆ ಒಬ್ಬರಿಂದೊಬ್ಬರಿಗೆ ಬೇರೆಯಾಗಬಹುದು.

ಅಮೆರಿಕದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮಹತ್ವದ್ದು. ಸಂಗಾತಿಯ ಆರೈಕೆ ಮಾಡುತ್ತ ಒತ್ತಡಕ್ಕೆ ಒಳಗಾದ ವೃದ್ಧರಲ್ಲಿ, ಅಂಥ ಹೊಣೆ ಇಲ್ಲದವರಿಗಿಂತ, ನಾಲ್ಕು ವರ್ಷಗಳ ಅವಧಿಯಲ್ಲಿ ಮರಣದ ಅಪಾಯ ಶೇ. 63ರಷ್ಟು ಹೆಚ್ಚಾಗಿತ್ತು. ಆರೈಕೆ ಮಾಡುತ್ತಿದ್ದರೂ ಒತ್ತಡಕ್ಕೆ ಒಳಗಾಗದವರಲ್ಲಿ ಇಂತಹ ಹೆಚ್ಚಳ ಸ್ಪಷ್ಟವಾಗಿ ಕಂಡುಬರಲಿಲ್ಲ. ಎಂದರೆ ಅಪಾಯವಿರುವುದು ಸೇವೆಯಲ್ಲಲ್ಲ, ಆಸರೆಯಿಲ್ಲದೆ ದಣಿಯುವುದರಲ್ಲಿ.

ಹೊರೆಯ ಮಾಪನ

ಸ್ಟೀವನ್ ಜ಼ಾರಿಟ್ ಮತ್ತು ಸಂಗಡಿಗರು 1980ರಲ್ಲಿ ರೂಪಿಸಿದ ಪ್ರಶ್ನಾವಳಿ ವ್ಯಾಪಕ ಬಳಕೆಯಲ್ಲಿದೆ. ಮೊದಲು 29 ಪ್ರಶ್ನೆಗಳಿದ್ದ ಇದನ್ನು ಅನಂತರ 22ಕ್ಕೆ ಇಳಿಸಲಾಯಿತು. ಗರಿಷ್ಠ ಅಂಕ 88.

ಆದರೆ ಕನ್ನಡದ ಮನೆಗಳಲ್ಲಿ ಈ ಬಗೆಯ ಪ್ರಶ್ನೆಗೆ ಒಂದು ತೊಡಕಿದೆ. ಹಾಸಿಗೆ ಹಿಡಿದ ಅತ್ತೆಯನ್ನೋ ಗಂಡನನ್ನೋ 'ಹೊರೆ' ಎಂದು ಬಾಯಿಬಿಟ್ಟು ಹೇಳುವುದು ಅನೇಕರಿಗೆ ಪಾಪವೆನಿಸುತ್ತದೆ. ಅಲ್ಲಿ ಬಳಕೆಯಾಗುವ ಮಾತುಗಳು ಸೇವೆ, ಋಣ, ಕರ್ತವ್ಯ. 'ಕಷ್ಟವಾಗುತ್ತದೆಯೇ' ಎಂದರೆ 'ಮಾಡಬೇಕಾದದ್ದೇ ತಾನೆ' ಎಂಬ ಉತ್ತರ ಬರುತ್ತದೆ. 'ರಾತ್ರಿ ಎಷ್ಟು ಸಲ ಎದ್ದಿರಿ', 'ನಿಮ್ಮ ರಕ್ತದೊತ್ತಡದ ಮಾತ್ರೆ ನುಂಗಿದಿರಾ' ಎಂದು ಕೇಳಿದಾಗ ನಿಜಸ್ಥಿತಿ ತಿಳಿಯುವ ಸಾಧ್ಯತೆ ಹೆಚ್ಚು. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಆರ್. ತಾರಾ ಮತ್ತು ಸಹೋದ್ಯೋಗಿಗಳು ಮನೋರೋಗಿಗಳ ಕುಟುಂಬಗಳಿಂದಲೇ ವಿವರ ಪಡೆದು ಭಾರತೀಯ ಸಂದರ್ಭಕ್ಕೆ ಪ್ರತ್ಯೇಕ ಮಾಪಕವನ್ನು ರಚಿಸಿದರು.

ಹೊಣೆಯ ಹಂಚಿಕೆ

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ವೇತನರಹಿತ ಆರೈಕೆಯಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಪುರುಷರು 76 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಮಕ್ಕಳ ಪಾಲನೆಯೂ ಈ ಲೆಕ್ಕದಲ್ಲಿ ಸೇರಿದೆ.

ಮೈಸೂರಿನ ಸಂದರ್ಭ

ಮೈಸೂರು ನಿವೃತ್ತರ ನಗರವೆಂದು ಹೆಸರಾದುದು. ಅದರ ಪಶ್ಚಿಮದಲ್ಲಿರುವ, 2020ರಲ್ಲಿ ಪಟ್ಟಣ ಪಂಚಾಯಿತಿಯಾದ ಬೋಗಾದಿಯಂತಹ ಹೊಸ ಬಡಾವಣೆಗಳಲ್ಲಿ ಮಕ್ಕಳು ದೂರದ ಊರುಗಳಲ್ಲಿದ್ದು, ಎಪ್ಪತ್ತು ದಾಟಿದವರು ಎಪ್ಪತ್ತು ದಾಟಿದವರನ್ನೇ ನೋಡಿಕೊಳ್ಳುವ ಮನೆಗಳು ಅಪರೂಪವಲ್ಲ. ಬೋಗಾದಿಗೆ ಸಮೀಪದ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರೂ ಶ್ರವಣದೋಷವುಳ್ಳ ಮಕ್ಕಳೂ ಬರುತ್ತಾರೆ. ಅಲ್ಲಿನ ಶಾಲಾಪೂರ್ವ ತರಬೇತಿಯಲ್ಲಿ ತಾಯಂದಿರೂ ಮಕ್ಕಳೊಡನೆ ಭಾಗವಹಿಸುತ್ತಾರೆ. ಮನೆಯಲ್ಲಿ ಮುಂದುವರಿಸಬೇಕಾದ ಅಭ್ಯಾಸವನ್ನು ಕಲಿಯುವುದರ ಜೊತೆಗೆ, ತಮ್ಮಂತಹ ಇತರ ತಾಯಂದಿರ ಪರಿಚಯವೂ ಅವರಿಗೆ ಆಗುತ್ತದೆ. ಈ ಎರಡನೆಯ ಲಾಭ ಸಣ್ಣದೇನಲ್ಲ.

ಮನೋಸ್ಥೈರ್ಯಕ್ಕೆ ನೆರವಾಗುವ ಅಂಶಗಳು

ಮನೋಸ್ಥೈರ್ಯವನ್ನು ಸಹನೆಯೊಂದಿಗೆ ಸಮೀಕರಿಸುವುದು ರೂಢಿಯಲ್ಲಿರುವ ತಪ್ಪು. ಅದು ಕಾಯಿಲೆಯ ಬಗ್ಗೆ ಸರಿಯಾದ ತಿಳಿವಳಿಕೆ, ಕೆಲಸದ ಹಂಚಿಕೆ, ವಾರಕ್ಕೊಮ್ಮೆಯಾದರೂ ಸಿಗುವ ಬಿಡುವು ಮತ್ತು ಮುಚ್ಚುಮರೆಯಿಲ್ಲದೆ ಮಾತನಾಡಬಲ್ಲ ಜೊತೆಗಾರರಿಂದ ಬೆಳೆಯುವಂಥದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿ ಇರಿಸಿ ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಡೀ ಕುಟುಂಬವನ್ನು ಚಿಕಿತ್ಸೆಯ ಘಟಕವೆಂದು ಪರಿಗಣಿಸುವ ವಿಭಾಗವಿದೆ.

ಕಾನೂನು ಮತ್ತು ಸರ್ಕಾರದ ನೆರವು

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಕ್ಕಳ ಮೇಲೆ ಪೋಷಣೆಯ ಹೊಣೆ ಹೊರಿಸುತ್ತದೆ. ಹೆಚ್ಚಿನ ಬೆಂಬಲ ಅಗತ್ಯವಿರುವ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ನೀಡುವ ಅವಕಾಶ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್‌ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆ ಪಟ್ಟಿಯಲ್ಲಿ ಮರೆಗುಳಿತನ ಇರಲಿಲ್ಲ.